ಬಿಂದು ನಿಂತ ಊರು

ಬೆಳಿಗ್ಗೆ ಏಳರ ವಾರ್ತೆ ಮುಗಿದ ಮೇಲೆ ರೇಡಿಯೋದಲ್ಲಿ ಹವಾಮಾನ ಹೇಳುತ್ತಿದ್ದರು, ಆಮೇಲೆ ಬಿಂದು ಎಲ್ಲಿದೆ ಎಂದು ಹೇಳುತ್ತಿದ್ದರು. 'ಇಂದು ಬಿಂದು ಸಿಂಧನೂರಿನಿಂದ ಪಶ್ಚಿಮಕ್ಕೆ ಆರು ಕಿಲೋಮೀಟರ್ ದೂರದಲ್ಲಿದೆ.' ಹಿಂದಿನ ಸಂಜೆಯೇ ಆ ಒಂದು ವಾಕ್ಯವನ್ನು ಬರೆದು ಕಳಿಸುತ್ತಿದ್ದವಳು ನೀಲಗಂಗಾ ಹೂಗಾರ. ಬಿಂದುವಿನ ಲೆಕ್ಕ ಹಾಕುವ ಕೇಂದ್ರದಲ್ಲಿ ಅವಳಿಗೆ ಅದು ನಾಲ್ಕನೆಯ ವರ್ಷ.

ಆ ಕಲ್ಲು ಐವತ್ತು ಮೀಟರ್ ಅಗಲವಿತ್ತು. ನಾನೂರ ಹದಿಮೂರು ದಿನಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತಿತ್ತು. ಅದರ ದಾರಿ ಭೂಮಿಯ ದಾರಿಯನ್ನು ಒಂದು ಕಡೆ ಅಡ್ಡ ಹಾಯುತ್ತಿತ್ತು. ಎಷ್ಟೋ ಸಾವಿರ ವರ್ಷ ಕಲ್ಲು ಆ ಜಾಗಕ್ಕೆ ಬಂದಾಗ ಭೂಮಿ ಬೇರೆಲ್ಲೋ ಇರುತ್ತಿತ್ತು, ಭೂಮಿ ಬಂದಾಗ ಕಲ್ಲು ಇರುತ್ತಿರಲಿಲ್ಲ. ಬರುವ ನವೆಂಬರ್ ಹತ್ತೊಂಬತ್ತರ ಬೆಳಿಗ್ಗೆ ಮಾತ್ರ ಎರಡೂ ಒಂದೇ ಹೊತ್ತಿಗೆ ಅಲ್ಲಿರುತ್ತವೆ ಎಂದು ಲೆಕ್ಕ ಹೇಳಿತು. ಅದನ್ನು ಆಕಾಶದಲ್ಲೇ ಒಡೆದರೆ ಚೂರುಗಳು ಎಲ್ಲೆಲ್ಲಿ ಬೀಳುತ್ತವೋ ಹೇಳಲು ಬಾರದು. ಅದಕ್ಕೇ ಏಳು ದೇಶಗಳು ಕೂಡಿ ಒಂದು ನೌಕೆಯನ್ನು ಕಳಿಸಿದ್ದವು. ಅದು ಕಲ್ಲಿನ ಮುಂದೆ ನಿಂತು, ಎರಡು ಎಂಜಿನುಗಳಿಂದ ಹಗಲೂ ಇರುಳೂ ಅದರ ಮೇಲೆ ಸಣ್ಣಗೆ ಊದುತ್ತಿತ್ತು. ಕಲ್ಲು ಒಟ್ಟು ಏಳು ನಿಮಿಷ ತಡವಾಗಿ ಬಂದರೆ ಸಾಕು, ಅಷ್ಟರಲ್ಲಿ ಭೂಮಿ ದಾಟಿ ಹೋಗಿರುತ್ತದೆ.

ಒಂದೊಂದು ಸೆಕೆಂಡು ತಡವಾದಂತೆಲ್ಲ ಕಲ್ಲು ಬೀಳುವ ಜಾಗ ಭೂಮಿಯ ಮೇಲೆ ಪಶ್ಚಿಮಕ್ಕೆ ಸರಿಯುತ್ತಿತ್ತು. ಆ ಜಾಗಕ್ಕೆ ಜನ ಬಿಂದು ಎನ್ನುತ್ತಿದ್ದರು. ಮೊದಲ ವರ್ಷ ದಿನಕ್ಕೆ ಮೂವತ್ತು ಕಿಲೋಮೀಟರ್ ಓಡಿದ್ದ ಬಿಂದು ಕಡಲು ದಾಟಿ, ಆಂಧ್ರದ ಕರಾವಳಿ ದಾಟಿ ಬಂದಿತ್ತು. ಗಡುವು ಹತ್ತಿರವಾದಂತೆ ಅಷ್ಟೇ ಊದಿದರೂ ಫಲ ಕಡಿಮೆಯಾಗುತ್ತ ಬಂತು. ಎಂಟು ತಿಂಗಳ ಹಿಂದೆ ಒಂದು ಎಂಜಿನು ಕೆಟ್ಟಿತು. ಈಗ ಜೂನ್ ತಿಂಗಳಲ್ಲಿ ಬಿಂದು ದಿನಕ್ಕೆ ನಾಲ್ಕು ಕಿಲೋಮೀಟರಿನಂತೆ ಕೊಪ್ಪಳದ ಕಡೆಗೆ ತೆವಳುತ್ತಿತ್ತು.

ಊರ ಮೇಲೆ ಬಿಂದು ಬಂದ ದಿನ ಊರಿಗೇನೂ ಆಗುತ್ತಿರಲಿಲ್ಲ. ಆಗುವುದಾದರೆ ನವೆಂಬರಿನಲ್ಲೇ. ಆದರೆ ಅವತ್ತೇ ಎಂಜಿನು ನಿಂತರೆ ನವೆಂಬರಿನಲ್ಲಿ ಕಲ್ಲು ಬೀಳುವುದು ಆ ಊರ ಮೇಲೆ. ಹಾಗಾಗಿ ಆ ಎರಡು ಮೂರು ದಿನ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಮದುವೆ ಇಟ್ಟುಕೊಳ್ಳುತ್ತಿರಲಿಲ್ಲ, ಒಲೆ ಹಚ್ಚಲೂ ಕೆಲವರು ಹಿಂದೆಮುಂದೆ ನೋಡುತ್ತಿದ್ದರು. ಬಿಂದು ದಾಟಿತು ಎಂದು ರೇಡಿಯೋ ಹೇಳಿದ ಬೆಳಿಗ್ಗೆ ಮನೆಮನೆಯಲ್ಲಿ ಗೋದಿ ಹುಗ್ಗಿ ಮಾಡಿ ಬಂದವರಿಗೆಲ್ಲ ಬಡಿಸುತ್ತಿದ್ದರು. ಮುಂದಿನ ಊರಿನವರು ಅದನ್ನು ಕೇಳಿ ಸುಮ್ಮನಿರುತ್ತಿದ್ದರು.

ಜೂನ್ ಎರಡನೆಯ ಭಾನುವಾರ ನೀಲಗಂಗಾ ಕರಡಿಬಾಳಕ್ಕೆ ಹೋದಳು. ಬಸ್ ನಿಲ್ದಾಣದ ಎದುರು ಅವಳ ಅಕ್ಕ ಕಾಶವ್ವನ ಖಾನಾವಳಿ. ಗಂಡ ತೀರಿಕೊಂಡ ವರ್ಷ ಕಾಶವ್ವ ಇದೇ ನಿಲ್ದಾಣದಲ್ಲಿ ಬುಟ್ಟಿಯಲ್ಲಿ ರೊಟ್ಟಿ ಇಟ್ಟುಕೊಂಡು ಕೂತಿದ್ದಳು. ತಾಯಿಯಿಲ್ಲದ ತಂಗಿಯನ್ನು ಆ ರೊಟ್ಟಿಯಲ್ಲೇ ಓದಿಸಿದಳು. ಈಗ ಸಿಮೆಂಟಿನ ಚಾವಣಿ, ಆರು ಮೇಜು, ರೊಟ್ಟಿ ಬಡಿಯಲು ನಾಲ್ವರು ಹೆಂಗಸರು. ಬಿಂದು ಅಲ್ಲಿಂದ ಹದಿನಾರು ಕಿಲೋಮೀಟರ್ ಆಚೆ ಇತ್ತು.

ಉಣ್ಣುತ್ತಿದ್ದ ಲಾರಿ ಚಾಲಕನೊಬ್ಬ ನೀಲಗಂಗಾಳನ್ನು ಕೇಳಿದ: "ಅಕ್ಕಾರ, ಕಲ್ಲು ಮ್ಯಾಲ ಐತಿ. ಅದನ್ನ ದೂಡಿದ್ರ ಇಲ್ಲಿ ಹೆಂಗ ಸರೀತೈತಿ?"

"ನಿಮ್ಮ ಲಾರಿ ಅಡ್ಡರಸ್ತೆಯಾಗಿಂದ ಹೈವೇಗೆ ಬರಾಕತ್ತೈತಿ ಅನ್ರಿ. ಹೈವೇದಾಗ ಒಂದು ಉದ್ದನ ರೈಲಿನಂಥಾದ್ದು ಓಡಾಕತ್ತೈತಿ. ನೀವು ಸರಿಯಾದ ಹೊತ್ತಿಗೆ ಬಂದ್ರ ಅದರ ಮುಂದಿನ ಡಬ್ಬಿಗೆ ಬಡೀತೀರಿ. ಸ್ವಲ್ಪ ಬ್ರೇಕ್ ಹಾಕಿ ತಡ ಮಾಡಿದ್ರ ನಡುವಿನ ಡಬ್ಬಿಗೆ. ಇನ್ನೂ ತಡ ಮಾಡಿದ್ರ ಕಡೇ ಡಬ್ಬಿಗೆ."

"ಇನ್ನೂ ತಡ ಮಾಡಿದ್ರ?"

"ರೈಲು ಹೋಗಿಬಿಟ್ಟಿರತೈತಿ."

ಚಾಲಕ ನಕ್ಕು ರೊಟ್ಟಿ ಮುರಿದ. ಮೂಲೆಯಲ್ಲಿ ಕೂತ ಮುದುಕನೊಬ್ಬ ನಗಲಿಲ್ಲ. "ಅಂದ್ರ ಬ್ರೇಕ್ ಹಾಕದೇ ಇದ್ದಿದ್ರ ನಮ್ಮ ಡಬ್ಬಿ ಸುದ್ದಿಗೇ ಬರತಿದ್ದಿಲ್ಲ," ಅಂದ. ನೀಲಗಂಗಾ ಎದ್ದು ಅವನ ಲೋಟಕ್ಕೆ ನೀರು ಹಾಕಿದಳು.

ಗಿರಾಕಿಗಳು ಹೋದ ಮೇಲೆ ಕಾಶವ್ವ ತಂಗಿಯ ಮುಂದೆ ತಾಟು ಇಟ್ಟಳು. "ಯಾಕ ಮಾರಿ ಸಣ್ಣ ಮಾಡೀದಿ? ಮೂರು ದಿನದ ಮಾತು. ದಾಟಿ ಹೋಗತೈತಿ. ನಾ ಆಗಲೇ ಹುಗ್ಗಿಗೆ ಗೋದಿ ಕುಟ್ಟಿಸಿಟ್ಟೀನಿ."

"ಎಂಜಿನು ಭಾಳ ಸವದೈತಿ ಅಕ್ಕಾ."

"ಇಷ್ಟು ದೂರ ತಂದೈತಿ, ಇನ್ನೊಂದೀಟು ಒಯ್ಯಲಾರದೇನು? ಪುಂಡಿಪಲ್ಯ ಹಾಕ್ಕೊ, ಆರತೈತಿ."

ಬಿಂದು ಪಶ್ಚಿಮದ ಸಮುದ್ರ ಮುಟ್ಟುವುದಿಲ್ಲ, ಅಷ್ಟರೊಳಗೇ ಎಂಜಿನು ನಿಲ್ಲುತ್ತದೆ ಎಂಬುದು ಕೇಂದ್ರದವರಿಗೆ ಗೊತ್ತಾಗಿ ಆಗಲೇ ಎರಡು ತಿಂಗಳಾಗಿತ್ತು. ಹೊರಗೆ ಹೇಳಬಾರದು ಎಂದು ಕಟ್ಟಪ್ಪಣೆಯಿತ್ತು. ನೀಲಗಂಗಾ ಪಲ್ಯ ಹಾಕಿಕೊಂಡು ಉಂಡಳು.

ಮರುದಿನ ಮಧ್ಯಾಹ್ನ ನಿರ್ದೇಶಕ ವಾದಿರಾಜ ಕೆದಿಲಾಯರು ಅವಳನ್ನು ಕರೆಸಿದರು. ಮೇಜಿನ ಮೇಲೆ ನಕ್ಷೆ ಹಾಸಿತ್ತು. ಬಿಂದುವಿನ ದಾರಿಯ ಮೇಲೆ ಕೆಂಪು ಶಾಯಿಯಲ್ಲಿ ಮೂರು ವೃತ್ತಗಳು, ಒಂದೊಂದೂ ಹನ್ನೆರಡು ಕಿಲೋಮೀಟರ್ ತ್ರಿಜ್ಯದ್ದು. ಕಲ್ಲು ಸಿಡಿದರೆ ಅಷ್ಟರೊಳಗೆ ಗೋಡೆ ಉಳಿಯುವುದಿಲ್ಲ.

"ಇದು ಕರಡಿಬಾಳ," ಅಂದರು ಕೆದಿಲಾಯರು. "ಮೂವತ್ತೊಂದು ಹಳ್ಳಿ, ಮೂವತ್ತೆಂಟು ಸಾವಿರ ಜನ. ಗುರುವಾರ ಬಿಂದು ಇಲ್ಲಿರುತ್ತೆ. ಅವತ್ತೇ ಎಂಜಿನು ಆರಿಸಿಬಿಟ್ಟರೆ ವಿಷಯ ಮುಗೀತು. ಜನ ಖಾಲಿ ಮಾಡೋದಕ್ಕೆ ಐದು ತಿಂಗಳು ಸಿಗುತ್ತೆ. ಇನ್ನು ಇದು ಬೋಳುಗುಡ್ಡ. ಬರೀ ಕುರುಚಲು, ಒಂಬತ್ತು ಸಾವಿರ ಜನ. ಅಲ್ಲಿಗೆ ಮುಟ್ಟಬೇಕಾದರೆ ಕರಡಿಬಾಳದಿಂದ ಮುಂದೆ ಹನ್ನೊಂದು ದಿನ."

ನಡುವಿನ ವೃತ್ತದ ಹೆಸರನ್ನು ಅವರು ಹೇಳಲಿಲ್ಲ. ಅದು ಹಾಲಗೇರಿ. ಒಂದು ಲಕ್ಷ ಹತ್ತು ಸಾವಿರ ಜನ.

"ಆರಿಸಿದ ಎಂಜಿನು ಮತ್ತೆ ಹೊತ್ತುವ ಭರವಸೆ ಇಲ್ಲ. ಹಾಲಗೇರಿ ದಾಟುವಾಗ ಅದಾಗಿಯೇ ಕೆಟ್ಟರೂ ಅಷ್ಟೇ. ನಿಯಮ ನಿಮಗೆ ಗೊತ್ತು. ಎಂಜಿನು ಬಾಳುವ ಸಾಧ್ಯತೆ ನೂರಕ್ಕೆ ತೊಂಬತ್ತು ಇಲ್ಲದೆ ದೊಡ್ಡ ಊರನ್ನು ದಾಟಿಸುವ ಹಾಗಿಲ್ಲ. ನಾಳೆ ಬೆಳಿಗ್ಗೆಗೆ ನಿಮ್ಮ ಅಂಕಿ ಬೇಕು."

ಬಿಂದುವಿನ ದಾರಿಯಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ ಎಂದು ಅವರು ಕೇಳಲಿಲ್ಲ. ನಾಲ್ಕು ವರ್ಷದಲ್ಲಿ ಆ ಕೋಣೆಯ ಎಷ್ಟೋ ಜನರ ಮನೆಯವರು ಒಂದಲ್ಲ ಒಂದು ದಿನ ಬಿಂದುವಿನ ಕೆಳಗೆ ಬಂದು ಹೋಗಿದ್ದರು.

ನೀಲಗಂಗಾ ಲೆಕ್ಕಕ್ಕೆ ಕೂತಳು. ಎಂಜಿನಿನ ಬಾಯಿಗೆ ಒಂದು ತೆಳುವಾದ ಲೋಹದ ಜಾಲರಿ ಇತ್ತು. ಊದುತ್ತ ಊದುತ್ತ ಅದು ಸವೆಯುತ್ತಿತ್ತು, ಸವೆದಷ್ಟೂ ನಡುಕ ಹೆಚ್ಚುತ್ತಿತ್ತು. ನೌಕೆ ದಿನಕ್ಕೊಮ್ಮೆ ಆ ನಡುಕವನ್ನು ಅಳೆದು ಕಳಿಸುತ್ತಿತ್ತು. ಮೇ ಕೊನೆಯ ಮೂರು ದಿನ ನಡುಕ ಇದ್ದಕ್ಕಿದ್ದಂತೆ ಏರಿ ಮತ್ತೆ ಇಳಿದಿತ್ತು. ಆ ಮೂರು ದಿನವನ್ನು ಸೇರಿಸಿದರೆ ಎಂಬತ್ತೊಂದು ಬರುತ್ತಿತ್ತು, ಬಿಟ್ಟರೆ ತೊಂಬತ್ತಮೂರು. ಬಿಡುವುದಕ್ಕೆ ಕಾರಣವೂ ಇತ್ತು. ಅಳೆಯುವ ಉಪಕರಣ ಹಿಂದಿನ ವರ್ಷ ಒಮ್ಮೆ ಹೀಗೇ ತಪ್ಪು ತೋರಿಸಿತ್ತು. ಸೇರಿಸುವುದಕ್ಕೂ ಕಾರಣವಿತ್ತು. ಈ ಸಲ ತಪ್ಪು ತೋರಿಸಿದೆ ಎಂಬುದಕ್ಕೆ ಯಾವ ಆಧಾರವೂ ಇರಲಿಲ್ಲ.

ಸಂಜೆಯವರೆಗೂ ಅವಳು ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದಳು. ಒಂಬತ್ತು ಸಾವಿರ ಜನರ ಮನೆ ಹೋಗುವುದು ಒಳ್ಳೆಯದೋ, ಮೂವತ್ತೆಂಟು ಸಾವಿರ ಜನರದ್ದೋ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಸುಲಭವಾಗಿ ಬಂತು. ಅಷ್ಟು ಸುಲಭವಾಗಿ ಬಂದದ್ದೇ ಅವಳಿಗೆ ಭಯ ಹುಟ್ಟಿಸಿತು. ಕರಡಿಬಾಳದಲ್ಲಿ ಅಕ್ಕನ ಬದಲು ಯಾರೋ ಗುರುತಿಲ್ಲದವರಿದ್ದಿದ್ದರೆ ಆ ಮೂರು ದಿನವನ್ನು ಬಿಡುತ್ತಿದ್ದೆನೇ? ಬಿಡುತ್ತಿದ್ದೆ ಅನ್ನಿಸಿತು. ಒಂದು ಕ್ಷಣ ಬಿಟ್ಟು, ಇಲ್ಲ ಅನ್ನಿಸಿತು.

ಬೆಳಿಗ್ಗೆ ಕೆದಿಲಾಯರ ಎದುರು ನಿಂತು "ತೊಂಬತ್ತಮೂರು" ಅಂದಳು.

ಅವರು ಹಾಳೆ ತಿರುಗಿಸಿದರು. "ಮೇ ತಿಂಗಳ ಕೊನೆಯ ನಡುಕ?"

"ಅಳತೆಯ ದೋಷ ಅಂತ ಬಿಟ್ಟಿದ್ದೇನೆ ಸರ್."

ಕೆದಿಲಾಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹದಿನೈದು ದಿನದಿಂದ ಅವರಿಗೆ ಸರಿಯಾಗಿ ನಿದ್ದೆಯಿರಲಿಲ್ಲ. "ನೀವು ಹೇಳಿದ ಮೇಲೆ ನಾನು ಇನ್ನೊಬ್ಬರನ್ನ ಕೇಳೋದಿಲ್ಲ," ಎಂದು ಸಹಿ ಹಾಕಿದರು.

ಗುರುವಾರ ಬಿಂದು ಕರಡಿಬಾಳದ ಮೇಲೆ ಬಂತು. ಶುಕ್ರವಾರ ದಾಟಿತು. ಕಾಶವ್ವ ಫೋನ್ ಮಾಡಿದಳು. ಹಿಂದೆ ಬಟ್ಟಲುಗಳ ಸದ್ದು, ಜನರ ಮಾತು. "ನಾನೂರು ಮಂದಿ ಉಂಡ್ರು ನೀಲಾ. ಹುಗ್ಗಿ ಸಾಲಲಿಲ್ಲ, ಆಮ್ಯಾಲ ಅನ್ನ ಸಾರು ಮಾಡಿದ್ವಿ. ನಮ್ಮ ತಂಗಿ ದೂಡಿದ್ದು ಅಂತ ಎಲ್ಲಾರಿಗೂ ಹೇಳಿದೆ." ನೀಲಗಂಗಾ ಏನೋ ಹೇಳಿ ಫೋನಿಟ್ಟಳು.

ಬುಧವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ನೌಕೆಯಿಂದ ಬರುತ್ತಿದ್ದ ಸಂಕೇತದಲ್ಲಿ ಒತ್ತಡದ ಅಂಕಿ ಸೊನ್ನೆಗೆ ಇಳಿಯಿತು. ಜಾಲರಿ ಹರಿದಿತ್ತು. ಕೆದಿಲಾಯರು ಎಂಜಿನನ್ನು ಮತ್ತೆ ಹೊತ್ತಿಸಲು ಆರು ಸಲ ಆದೇಶ ಕಳಿಸಿದರು. ಆರೂ ಸಲ ನೌಕೆ ಅದೇ ಸೊನ್ನೆಯನ್ನು ಕಳಿಸಿತು. ಆಮೇಲೆ ಅವರು ನೀಲಗಂಗಾಳ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಈಗ ಬಿಂದು ಎಲ್ಲಿದೆ?"

"ಹಾಲಗೇರಿಯ ಸಂತೆ ಮೈದಾನದಿಂದ ಒಂದೂವರೆ ಕಿಲೋಮೀಟರ್," ಅಂದಳು. ಮರುದಿನದ ರೇಡಿಯೋದ ವಾಕ್ಯವನ್ನೂ ಅವಳೇ ಬರೆಯಬೇಕಾಯಿತು. ಅದು ಕೊನೆಯ ವಾಕ್ಯ. ಆಮೇಲೆ ಬಿಂದು ಸರಿಯಲಿಲ್ಲ.

ಹಾಲಗೇರಿಯನ್ನು ಖಾಲಿ ಮಾಡಲು ಐದು ತಿಂಗಳು ಹಿಡಿಯಿತು. ಮೊದಲ ತಿಂಗಳು ಯಾರೂ ಹೊರಡಲಿಲ್ಲ, ಎಂಜಿನು ಮತ್ತೆ ಹೊತ್ತುತ್ತದೆ ಎಂದು ಯಾರೋ ಹಬ್ಬಿಸಿದ್ದರು. ಎರಡನೆಯ ತಿಂಗಳು ಸರಕಾರದ ಲಾರಿಗಳು ಬಂದವು. ಬಾಗಿಲು, ಕಿಟಕಿ, ತೊಲೆ ಕಿತ್ತು ಹೇರಿಕೊಂಡು ಜನ ಹೊರಟರು. ಗೋರಿಗಳನ್ನು, ಬಾವಿಗಳನ್ನು ಒಯ್ಯಲು ಬರುತ್ತಿರಲಿಲ್ಲ. ಕರಡಿಬಾಳದ ದನ ಮೇಯುವ ಗಾಯರಾಣ ಜಮೀನಿನಲ್ಲಿ ತಗಡಿನ ಶೆಡ್ಡುಗಳ ಸಾಲು ಎದ್ದಿತು. ಒಂದು ಶೆಡ್ಡಿಗೆ ಎರಡು ಸಂಸಾರ, ನಡುವೆ ಸೀರೆಯ ಪರದೆ.

ನವೆಂಬರ್ ಹತ್ತೊಂಬತ್ತರ ಬೆಳಿಗ್ಗೆ ಆರು ಐವತ್ತೆರಡಕ್ಕೆ ಕಲ್ಲು ಬಂತು. ನೆಲ ಮುಟ್ಟುವ ಮೊದಲೇ ಸಿಡಿಯಿತು. ನೀಲಗಂಗಾ ಹೇಳಿದ್ದ ಜಾಗಕ್ಕೂ ಅದು ಸಿಡಿದ ಜಾಗಕ್ಕೂ ನಾನೂರು ಮೀಟರ್ ಅಂತರ. ಇಷ್ಟು ನಿಖರವಾದ ಲೆಕ್ಕವನ್ನು ಇದುವರೆಗೆ ಯಾರೂ ಮಾಡಿರಲಿಲ್ಲ ಎಂದು ಹೊರದೇಶಗಳಿಂದ ಸಂದೇಶಗಳು ಬಂದವು. ಹಾಲಗೇರಿ ಇದ್ದಲ್ಲಿ ಬೂದಿ ಮಣ್ಣು, ಸುಟ್ಟ ಇಟ್ಟಿಗೆ ಉಳಿಯಿತು. ಸತ್ತವರು ಮುನ್ನೂರ ಹದಿನೇಳು. ಕೆಲವರು ಹೊರಡಲು ಒಪ್ಪದೆ ಅಡಗಿ ಕೂತಿದ್ದರು. ಕೆಲವರು ಏನನ್ನೋ ತರಲೆಂದು ಕಾವಲು ತಪ್ಪಿಸಿ ಹಿಂದೆ ಹೋಗಿದ್ದರು.

ಡಿಸೆಂಬರಿನಲ್ಲಿ ವಿಚಾರಣಾ ಸಮಿತಿ ಕೂತಿತು. ನೀಲಗಂಗಾ ಕರೆಯುವವರೆಗೂ ಕಾಯದೆ ತಾನಾಗಿಯೇ ಹೋದಳು. ಎರಡೂ ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಎಂಬತ್ತೊಂದನ್ನು ಬಿಟ್ಟು ತೊಂಬತ್ತಮೂರನ್ನು ಕೊಟ್ಟೆ, ನನ್ನ ಅಕ್ಕ ಕರಡಿಬಾಳದಲ್ಲಿದ್ದಾಳೆ ಎಂದು ಹೇಳಿದಳು.

ಸಮಿತಿಯವರು ಮೂರು ವಾರ ತೆಗೆದುಕೊಂಡರು. ಅಧ್ಯಕ್ಷೆ ಅವಳನ್ನು ಕೂರಿಸಿಕೊಂಡು ಸಮಾಧಾನದ ದನಿಯಲ್ಲಿ ಹೇಳಿದರು: "ನಾವು ಮತ್ತೆ ಲೆಕ್ಕ ಹಾಕಿಸಿದೆವು. ಎಂಬತ್ತೊಂದೇ ಇಟ್ಟುಕೊಂಡರೂ ಮುಂದೆ ದಾಟಿಸುವುದೇ ಸರಿಯಿತ್ತು. ನಿಜ ಹೇಳಬೇಕೆಂದರೆ ತಪ್ಪು ನಿಯಮದ್ದು, ತೊಂಬತ್ತು ಅನ್ನೋದು ತೀರಾ ಹೆಚ್ಚಾಯಿತು. ಅದನ್ನ ಎಪ್ಪತ್ತೈದಕ್ಕೆ ಇಳಿಸಿ ಅಂತ ಶಿಫಾರಸು ಮಾಡಿದ್ದೇವೆ. ನೀವು ಇದನ್ನ ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

ಬೈಸಿಕೊಳ್ಳಲು ಹೋದವಳು ಬೈಸಿಕೊಳ್ಳದೆ ಹೊರಗೆ ಬಂದಳು. ಎರಡು ದಿನ ಮನೆಯಲ್ಲೇ ಇದ್ದಳು. ಮೂರನೆಯ ದಿನ ಕರಡಿಬಾಳದ ಬಸ್ಸು ಹತ್ತಿದಳು.

ಖಾನಾವಳಿಯ ಕಿಟಕಿಗಳಿಗೆ ಗಾಜಿನ ಬದಲು ರಟ್ಟು ಹೊಡೆದಿದ್ದರು. ಅಷ್ಟು ಬಿಟ್ಟರೆ ಏನೂ ಬದಲಾಗಿರಲಿಲ್ಲ. ಒಲೆಯ ಮುಂದೆ ಹೊಸ ಹೆಂಗಸೊಬ್ಬಳು ಕೂತು ರೊಟ್ಟಿ ಬಡಿಯುತ್ತಿದ್ದಳು. ಕಾಶವ್ವ ಸಂಭ್ರಮದಿಂದ ತಂಗಿಯ ಕೈ ಹಿಡಿದು ಅವಳ ಹತ್ತಿರ ಕರೆದೊಯ್ದಳು.

"ಹುಸೇನಬಿ, ಇಕೀನ ನೋಡವಾ ನಮ್ಮ ನೀಲಾ. ನಮ್ಮೂರು ಉಳಿಸಿದಾಕಿ." ತಂಗಿಗೆ ಹೇಳಿದಳು: "ಹಾಲಗೇರಿಯಾಕಿ. ಈಕಿ ಗಂಡ ರಾಜೇಸಾಬ ಹಿಟ್ಟಿನ ಗಿರಣಿ ಇಟ್ಟಿದ್ದ. ಗಿರಣಿ ಮೋಟರು ತರತೀನಿ ಅಂತ ಹಿಂದಿನ ದಿನ ಟೆಂಪೋ ತಗೊಂಡು ಹ್ವಾದ. ಅದು ಅಲ್ಲೇ ಕೆಟ್ಟು ನಿಂತುಬಿಟ್ಟೈತಿ."

"ಐದು ಗಂಟೇಕ ಫೋನ್ ಮಾಡಿದ್ರು," ಅಂದಳು ಹುಸೇನಬಿ, ಕೈ ನಿಲ್ಲಿಸದೆ. "ನಡಕೊಂತ ಬರಾಕತ್ತೀನಿ, ಇನ್ನೊಂದು ತಾಸಿನಾಗ ಊರ ದಾಟತೀನಿ ಅಂದ್ರು. ಎರಡು ತಾಸು ಇತ್ತು. ನಡದ್ರ ಎಷ್ಟು ದೂರ ಬರಬಹುದ್ರಿ ಅಕ್ಕಾರ, ಎರಡು ತಾಸಿನಾಗ?"

"ಹತ್ತು ಕಿಲೋಮೀಟರ್," ಅಂದಳು ನೀಲಗಂಗಾ. ವೃತ್ತದ ಅಂಚಿಗೆ ಹನ್ನೆರಡಿತ್ತು. ಅದನ್ನು ಹೇಳಲಿಲ್ಲ. ಹುಸೇನಬಿಗೆ ಅದು ಗೊತ್ತಿತ್ತು ಎಂದು ಅವಳ ಮುಖದಲ್ಲೇ ಕಾಣುತ್ತಿತ್ತು.

ನೀಲಗಂಗಾ ಒಲೆಯ ಪಕ್ಕ ನೆಲದ ಮೇಲೆ ಕೂತಳು. ಹೇಗೆ ಶುರು ಮಾಡಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡದ್ದೆಲ್ಲ ಮರೆತುಹೋಗಿತ್ತು. ಎಂಜಿನು, ಜಾಲರಿ, ನಡುಕ, ಆ ಮೂರು ದಿನ, ಎರಡು ಹಾಳೆ, ಎಲ್ಲವನ್ನೂ ಹಿಂದೆಮುಂದಾಗಿ ಹೇಳಿದಳು. ಇಲ್ಲೇ ನಿಲ್ಲಿಸಬಹುದಾಗಿತ್ತು, ನಿಯಮವೂ ಅದನ್ನೇ ಹೇಳುತ್ತಿತ್ತು, ನಾನು ನಿಲ್ಲಿಸಗೊಡಲಿಲ್ಲ ಅಂದಳು. ಹೆಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆ ಎದ್ದಿತು. ಹುಸೇನಬಿ ಅದನ್ನು ತೆಗೆದು ಪಕ್ಕಕ್ಕಿಟ್ಟಳು.

"ನೂರಕ್ಕ ಎಂಬತ್ತೊಂದಾ?"

"ಹೌದು."

"ನಮ್ಮ ಮಗಳಿಗೆ ಪರೀಕ್ಷಾದಾಗ ಎಂಬತ್ತೊಂದು ಬಂದಾಗ ಅವರು ಓಣಿಗೆಲ್ಲ ಪೇಢೆ ಹಂಚಿದ್ರು," ಅಂದಳು ಹುಸೇನಬಿ. ದನಿಯಲ್ಲಿ ಸಿಟ್ಟಿರಲಿಲ್ಲ. ಕೈಗೆ ಅಂಟಿದ ಹಿಟ್ಟನ್ನು ಬೆರಳು ಬೆರಳಾಗಿ ಉಜ್ಜಿ ತೆಗೆದಳು. ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಳ್ಳುತ್ತ ಹಿಂದಿನ ಬಾಗಿಲಿನಿಂದ ಹೊರಗೆ ಹೋದಳು. ಗಾಯರಾಣದ ಶೆಡ್ಡುಗಳ ಕಡೆ ನಡೆದು ಹೋಗುವುದು ಕಾಣಿಸಿತು. ತಿರುಗಿ ನೋಡಲಿಲ್ಲ.

ಕಾಶವ್ವ ಗೋಡೆಗೆ ಒರಗಿ ನಿಂತಿದ್ದಳು.

"ನನ್ನ ಸಂಬಂಧ ಮಾಡಿದೇನು?"

"ಗೊತ್ತಿಲ್ಲ ಅಕ್ಕಾ. ಖರೇನ ಗೊತ್ತಿಲ್ಲ. ಲೆಕ್ಕನೂ ಸರಿ ಇತ್ತು ಅಂತಾರ."

"ಲೆಕ್ಕ ಬಿಡು. ನನ್ನ ಕೇಳಿದೇನು?"

ನೀಲಗಂಗಾ ತಲೆ ತಗ್ಗಿಸಿದಳು.

"ಆ ಭಾನುವಾರ ಇಲ್ಲೇ ಕುಂತು ಉಂಡಿ. ಬಾಯಿ ಬಿಡಲಿಲ್ಲ. ಐದು ತಿಂಗಳು ಇತ್ತಲ್ಲೇ. ಇವರು ಬಂದಂಗ ನಾವೂ ಗಂಟು ಕಟ್ಟಿಕೊಂಡು ಹೋಗತಿದ್ವಿ. ನಾ ಹೆಂಚು, ಪರಾತ ಹೊತ್ತುಕೊಂಡು ಹಾಲಗೇರಿ ಸ್ಟ್ಯಾಂಡಿನಾಗ ಬುಟ್ಟಿ ಇಟಗೊಂಡು ಕೂಡತಿದ್ದೆ. ನನಗ ಬರತಿದ್ದಿಲ್ಲೇನು ಅದು? ಆ ರಾಜೇಸಾಬನ ಗಿರಣಿಯಾಗ ಜ್ವಾಳ ಬೀಸಿಸತಿದ್ದೆ." ಅವಳು ಒಲೆಯ ಕಡೆ ತಿರುಗಿ ಆರುತ್ತಿದ್ದ ಕಟ್ಟಿಗೆಯನ್ನು ಮುಂದೆ ನೂಕಿದಳು. "ನಾನೂರು ಮಂದಿಗೆ ಹುಗ್ಗಿ ಬಡಿಸಿದೆನಲ್ಲೇ ನಾನು, ನಿನ್ನ ಹೆಸರು ಹೇಳಿ."

ಆ ಮಧ್ಯಾಹ್ನ ಖಾನಾವಳಿಯಲ್ಲಿ ಗಿರಾಕಿಗಳು ಬಂದರು, ಉಂಡರು, ಹೋದರು. ಹುಸೇನಬಿಯ ಜಾಗದಲ್ಲಿ ಕಾಶವ್ವ ತಾನೇ ಕೂತು ರೊಟ್ಟಿ ಬಡಿದಳು. ತಂಗಿಗೆ ತಾಟು ಹಾಕಿ ಕೊಟ್ಟಳು, ಜೊತೆಗೆ ಕೂತು ಉಣ್ಣಲಿಲ್ಲ. ಮೂರು ಗಂಟೆಯ ಹೊತ್ತಿಗೆ ಶೆಡ್ಡುಗಳ ಕಡೆಯಿಂದ ಇನ್ನಿಬ್ಬರು ಹೆಂಗಸರು ಬಂದು ಬಾಗಿಲಲ್ಲಿ ನಿಂತು ನೀಲಗಂಗಾಳನ್ನು ನೋಡಿ ಹೋದರು. ಅವರಿಗೆ ಆಗಲೇ ಎಲ್ಲ ತಿಳಿದಿತ್ತು.

ನಾಲ್ಕೂವರೆಯ ಬಸ್ಸು ಎದುರಿಗೇ ಬಂದು ನಿಂತಿತು. ನೀಲಗಂಗಾ ಚೀಲ ತೆಗೆದುಕೊಂಡಳು. ಊರಿಗೆ ಬಂದಾಗಲೆಲ್ಲ ಕಾಶವ್ವ ಒಂದು ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಡುತ್ತಿದ್ದಳು. ಇವತ್ತೂ ಕೊಟ್ಟಳು. ಬಸ್ಸಿನ ಬಾಗಿಲವರೆಗೂ ಜೊತೆಗೆ ಬಂದಳು. ಕಂಡಕ್ಟರು ಸೀಟಿ ಊದುವವರೆಗೂ ಇಬ್ಬರೂ ರಸ್ತೆಯನ್ನೇ ನೋಡುತ್ತ ನಿಂತರು.

"ಹೋಗಿ ಬರ್ತೀನಿ ಅಕ್ಕಾ," ಅಂದಳು ನೀಲಗಂಗಾ ಮೆಟ್ಟಿಲ ಮೇಲೆ ಕಾಲಿಟ್ಟು.

ಕಾಶವ್ವ ಅವಳ ಮುಖ ನೋಡಿದಳು. "ಹೋಗು," ಅಂದಳು. ಆಮೇಲೆ ಬರಬೇಕಾದ ಮಾತಿಗಾಗಿ ನೀಲಗಂಗಾ ಮೆಟ್ಟಿಲ ಮೇಲೆಯೇ ನಿಂತಳು. ಕಾಶವ್ವ ಅಷ್ಟರಲ್ಲಿ ರಸ್ತೆ ದಾಟಿ ಹೋಗಿದ್ದಳು.